ಹಿಮ ಬಿದ್ದ ಮೇಲಷ್ಟೇ ಕಥೆಯ ಪಾಠ

ಶಾಲೆಯ ಟೈಮ್‌ಟೇಬಲ್ ಬರೆಯುವಾಗ ಆಕಾಶವನ್ನೂ ನೋಡಬೇಕಾಗುತ್ತದೆ ಎಂದು ಬಿ.ಇಡಿ. ಓದುವಾಗ ನನಗೆ ಯಾರೂ ಹೇಳಿರಲಿಲ್ಲ.

ಪುತ್ತೂರಿನವಳಾದ ನಾನು ಶಿಕ್ಷಣಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಗೆಂದು ಬಂದದ್ದು ಕೆನಡಾದ ಥಂಡರ್ ಬೇಗೆ. ಸುಪೀರಿಯರ್ ಸರೋವರದ ದಡದ ಈ ಊರು ಅನಿಶಿನಾಬೆ ಜನರ ನೆಲ. ಒಜಿಬ್ವೆ, ಒಡಾವಾ, ಪೊಟಾವಟೊಮಿ ಮುಂತಾದ ಬಳಗಗಳೆಲ್ಲ ಸೇರಿ ಅನಿಶಿನಾಬೆ. ಅವರ ಭಾಷೆ, ಬದುಕನ್ನು ನಾಲ್ಕನೇ ತರಗತಿಯ ಪಾಠಗಳಿಗೆ ತರುವ ಒಂದು ಪುಟ್ಟ ತಂಡದಲ್ಲಿ ನಾನು ಸಹಾಯಕಿ. ಟಿಪ್ಪಣಿ ಬರೆಯುವುದು, ಟೈಪ್ ಮಾಡುವುದು, ಕಾಫಿ ಲೋಟ ಎತ್ತಿಡುವುದು ನನ್ನ ಕೆಲಸ. ಮಾತಾಡಿದ್ದು ಕಡಿಮೆ, ಕೇಳಿಸಿಕೊಂಡದ್ದು ಹೆಚ್ಚು.

ಮೊದಲ ಕರಡಿನಲ್ಲಿ ನಾನಾಬೋಝೋ ಎಂಬ ತುಂಟ ನಾಯಕನ ಕಥೆಗಳು ಸೆಪ್ಟೆಂಬರ್‌ಗೆ ಬಂದಿದ್ದವು. ತಂಡದ ಹಿರಿಯಜ್ಜಿ ಒಪ್ಪಲಿಲ್ಲ. ಆ ಕಥೆಗಳನ್ನು ನೆಲದ ಮೇಲೆ ಹಿಮ ಇದ್ದಾಗ ಮಾತ್ರ ಹೇಳುವುದು ರೂಢಿ. ಸರಿ, ಕಥೆಗಳು ಡಿಸೆಂಬರ್‌ಗೆ ಹೋದವು. ಸೆಪ್ಟೆಂಬರ್‌ಗೆ ಬಂದದ್ದು ‘ಮನೋಮಿನ್’, ಅಂದರೆ ಸರೋವರದಲ್ಲಿ ತಾನಾಗಿ ಬೆಳೆಯುವ ಕಾಡಕ್ಕಿ. ಅದರ ಕೊಯ್ಲಿಗೆ ಕುಡುಗೋಲು ಬೇಡ. ದೋಣಿಯಲ್ಲಿ ಕೂತು ತೆನೆಯನ್ನು ಕೋಲಿನಿಂದ ಬಾಗಿಸಿ, ಇನ್ನೊಂದು ಕೋಲಿನಿಂದ ಮೆಲ್ಲಗೆ ತಟ್ಟುತ್ತಾರೆ. ಒಂದಷ್ಟು ಕಾಳು ದೋಣಿಗೆ, ಒಂದಷ್ಟು ನೀರಿಗೆ. ನೀರಿಗೆ ಬಿದ್ದದ್ದೇ ಮುಂದಿನ ವರ್ಷದ ಬಿತ್ತನೆ. ಆಮೇಲೆ ಹುರಿದು, ತುಳಿದು, ಬರ್ಚ್ ಮರದ ತೊಗಟೆಯ ಮೊರದಲ್ಲಿ ಕೇರುತ್ತಾರೆ. ಅಜ್ಜಿ ಕೇರುವ ಅಭಿನಯ ಮಾಡಿ ತೋರಿಸಿದಾಗ ನನಗೆ ನಮ್ಮ ಅಂಗಳ ನೆನಪಾಯಿತು. ವಿಜ್ಞಾನದ ಪಾಠ ಬೇರೆ ಬೇಕೆ? ಗಣಿತಕ್ಕೂ ಇದೆ: ಸುಮಾರು 40 ಲೀಟರ್ ಮೇಪಲ್ ರಸ ಕುದಿಸಿದರೆ ಸಿಗುವ ಪಾಕ ಒಂದೇ ಲೀಟರ್.

ಅಜ್ಜಿ ಸಭೆಯಲ್ಲಿ ಯಾವಾಗಲೂ ಬಾಗಿಲ ಪಕ್ಕದ ಕುರ್ಚಿಯನ್ನೇ ಆರಿಸಿಕೊಳ್ಳುತ್ತಾರೆ. ಕಾರಣ ಕೇಳುವ ಅಗತ್ಯ ಬೀಳಲಿಲ್ಲ. ಕೆನಡಾದಲ್ಲಿ 1,50,000ಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ವಸತಿ ಶಾಲೆಗಳಿಗೆ ಹಾಕಿದ್ದರು. ಅಲ್ಲಿ ತಾಯಿನುಡಿ ಆಡಿದರೆ ಶಿಕ್ಷೆ. ಕೊನೆಯವು ಮುಚ್ಚಿದ್ದು 1990ರ ದಶಕದಲ್ಲಿ. ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಕೊಟ್ಟ 94 ಶಿಫಾರಸುಗಳಲ್ಲಿ, ಈ ಚರಿತ್ರೆಯನ್ನೂ ಒಪ್ಪಂದಗಳನ್ನೂ ಶಾಲೆಗಳಲ್ಲಿ ಕಲಿಸಬೇಕು ಎಂಬುದೂ ಒಂದು. ಭಾಷೆಯನ್ನು ಕಿತ್ತುಕೊಂಡ ಜಾಗಕ್ಕೇ ಅದನ್ನು ಮರಳಿ ತರುವ ಕೆಲಸ ಇದು.

ಭಾಷೆಯ ವಿಷಯಕ್ಕೆ ಬರುತ್ತೇನೆ. ಅವರಲ್ಲಿ ‘ನೀನ್’ ಎಂದರೆ ನಾನು! ಮೊದಲ ವಾರವಿಡೀ ನನಗೆ ನಗು ತಡೆಯಲಾಗಲಿಲ್ಲ. ವ್ಯಾಕರಣದಲ್ಲಿ ಕಲ್ಲು ಕೂಡ ಸಜೀವ. ಮನುಷ್ಯನನ್ನು ನೋಡಿದೆ ಎನ್ನುವ ಕ್ರಿಯಾಪದವೇ ಕಲ್ಲಿಗೂ. ‘ನಾವು’ ಎನ್ನಲು ಎರಡು ಪದ: ಕೇಳುವವರೂ ಸೇರಿದರೆ ‘ಗೀನವಿಂಡ್’, ಅವರನ್ನು ಬಿಟ್ಟು ನಾವು ಮಾತ್ರ ಎಂದಾದರೆ ‘ನೀನವಿಂಡ್’. ತಂಡದ ಇಂಗ್ಲಿಷ್ ಶಿಕ್ಷಕಿ ಇದಕ್ಕೆ ತಲೆ ಕೆರೆದುಕೊಳ್ಳುತ್ತಿದ್ದರೆ, ತುಳು ಆಡುವ ನನಗೆ ಅದು ‘ನಮ’ ಮತ್ತು ‘ಎಂಕುಲು’, ಅಷ್ಟೆ.

ಆದರೆ ಇದು ಬರೀ ವ್ಯಾಕರಣವಾಗಿ ಉಳಿಯಲಿಲ್ಲ. 1850ರ ರಾಬಿನ್ಸನ್-ಸುಪೀರಿಯರ್ ಒಪ್ಪಂದದ ಪಾಠದಲ್ಲಿ ‘ನಾವು ಈ ನೆಲವನ್ನು ಹಂಚಿಕೊಂಡೆವು’ ಎಂಬ ಸಾಲಿತ್ತು. ಅಜ್ಜಿ ಕೇಳಿದರು: ಯಾವ ‘ನಾವು’? ತರಗತಿಯಲ್ಲಿ ಅನಿಶಿನಾಬೆ ಮಕ್ಕಳಿದ್ದಾರೆ, ವಲಸೆ ಬಂದವರ ಮೊಮ್ಮಕ್ಕಳಿದ್ದಾರೆ, ನಿನ್ನೆ ಮೊನ್ನೆ ವಿಮಾನ ಇಳಿದವರೂ ಇದ್ದಾರೆ. ಎರಡು ಸಭೆಗಳು ಆ ಒಂದು ಸಾಲಿಗೇ ಮುಗಿದವು. ಕೊನೆಗೆ ಎರಡೂ ಪದಗಳನ್ನು ಕೊಟ್ಟು, ಯಾವುದು ಸರಿ ಎಂದು ಮಕ್ಕಳೇ ಚರ್ಚಿಸಲಿ ಎಂದು ಬಿಟ್ಟೆವು. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಇಷ್ಟವಾದ ಪುಟ ಅದು.

ಸರೋವರದಾಚೆ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಈ ದಾರಿ ಜಗಳದಿಂದ ಶುರುವಾಯಿತು. ಒಜಿಬ್ವೆ ಜನರ ಮೀನುಗಾರಿಕೆ ಹಕ್ಕನ್ನು 1983ರಲ್ಲಿ ನ್ಯಾಯಾಲಯ ಎತ್ತಿಹಿಡಿದಾಗ ದೋಣಿಗಟ್ಟೆಗಳಲ್ಲಿ ಭಾರಿ ಪ್ರತಿಭಟನೆಗಳಾದವು. ಅಜ್ಞಾನವೇ ಇದಕ್ಕೆ ಮೂಲ ಎಂದು ಮನಗಂಡು, 1989ರಲ್ಲಿ ಬುಡಕಟ್ಟುಗಳ ಚರಿತ್ರೆ, ಸಂಸ್ಕೃತಿ, ಸಾರ್ವಭೌಮತ್ವವನ್ನು ಶಾಲೆಗಳಲ್ಲಿ ಕಲಿಸಲು ಕಾನೂನು ಬಂತು. ಅಲ್ಲಿನ ವಾಡೂಕೊಡಾಡಿಂಗ್ ಶಾಲೆಯಲ್ಲಿ ಪಾಠವೇ ಒಜಿಬ್ವೆ ಭಾಷೆಯಲ್ಲಿ.

ಕಲಿಸುವವರು ಯಾರು ಎಂಬುದೇ ದೊಡ್ಡ ತೊಡಕು. ಭಾಷೆ ಬಲ್ಲ ಹಿರಿಯರ ಬಳಿ ಶಿಕ್ಷಕರ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರ ಇರುವವರಿಗೆ ಭಾಷೆ ಬಾರದು. ನಮ್ಮ ಯೋಜನೆಯ ಲೆಕ್ಕಪತ್ರದಲ್ಲಿ ಅಜ್ಜಿ ಇನ್ನೂ ‘ಅತಿಥಿ’. ಗೌರವಧನ ನನ್ನದಕ್ಕಿಂತ ಕಡಿಮೆ. ಇದು ನನಗೆ ಸರಿ ಕಾಣಲಿಲ್ಲ, ಬರೆದು ಕೊಟ್ಟಿದ್ದೇನೆ. ಉತ್ತರ ಬಂದಿಲ್ಲ.

ಭಾಷಾಶಾಸ್ತ್ರ ಓದಿದವರಿಗೆ, ಚಿತ್ರ ಬಿಡಿಸುವವರಿಗೆ, ಧ್ವನಿಮುದ್ರಣ ಬಲ್ಲವರಿಗೆ ಇಲ್ಲಿ ಕೆಲಸವಿದೆ. ಮಿನೆಸೋಟ ವಿಶ್ವವಿದ್ಯಾಲಯದ ಆನ್‌ಲೈನ್ ಒಜಿಬ್ವೆ ನಿಘಂಟಿನಲ್ಲಿ ಪದ ಒತ್ತಿದರೆ ಹಿರಿಯರ ದನಿಯೇ ಕೇಳುತ್ತದೆ. ತುಳು, ಕೊಡವ, ಕೊರಗ ಭಾಷೆಗಳ ಮನೆಯಿಂದ ಬಂದ ಗೆಳೆಯರು ಒಮ್ಮೆ ಅದನ್ನು ತೆರೆದು ನೋಡಿ.

ಈಗ ಮೇಪಲ್ ಪಾಠದ ಸರದಿ. ಅಜ್ಜಿಯ ದನಿಯಲ್ಲಿ 60 ಪದಗಳ ಮುದ್ರಣ ಬಾಕಿ ಇದೆ. ಎರಡು ವಾರದಿಂದ ಅವರಿಗೆ ಕೆಮ್ಮು. ಮಂಗಳವಾರ ಬರುತ್ತೇನೆ ಎಂದಿದ್ದಾರೆ.