ಗದ್ದೆಯ ಕಳ್ಳ ಯಾರು?

“ಭತ್ತಕ್ಕೆ ಪಾರಿವಾಳ ಬೀಳ್ತಾ ಇದೆ ದೊಡ್ಡಪ್ಪ. ಈ ಸಲ ಕೋವಿ ತೆಗೆಯೋದೇ ಸೈ.”

ದೀಪಾವಳಿ ಕಳೆದ ವಾರಕ್ಕೆ ತಮ್ಮನ ಮಗ ಭದ್ರಾವತಿ ಕಡೆಯಿಂದ ಫೋನ್ ಮಾಡಿ ಹೀಗೆಂದ. ಭದ್ರಾ ನಾಲೆಯ ನೀರು ಕುಡಿಯುವ ಮೂರು ಎಕರೆ ಗದ್ದೆ ಅವನದು. ಅಕ್ಕಪಕ್ಕದವರೆಲ್ಲ ಅಡಿಕೆ ಸಸಿ ನೆಟ್ಟರೂ ಅವನು ಭತ್ತ ಬಿಟ್ಟಿಲ್ಲ. ಅವನ ಮಾತನ್ನು ನಕ್ಕು ತಳ್ಳಿಹಾಕುವಂತಿರಲಿಲ್ಲ. ಗೊಬ್ಬರ, ನಾಟಿ ಕೂಲಿ, ಕಟಾವು ಯಂತ್ರದ ಬಾಡಿಗೆ ಎಲ್ಲ ಕಳೆದ ಮೇಲೆ ಅವನ ಕೈಗೆ ಉಳಿಯುವುದು ಎಷ್ಟೆಂದು ನನಗೂ ಗೊತ್ತು. ಮನೆಯಲ್ಲಿ ಅವನ ಅಪ್ಪನ ಕಾಲದ ಜೋಡಿ ನಳಿಗೆಯ ತೋಟಾ ಕೋವಿ ಇದೆ. ಲೈಸೆನ್ಸ್ ಈಗ ಅವನ ಹೆಸರಿಗೇ ಆಗಿದೆ. ಬೆಳೆ ರಕ್ಷಣೆಗೆಂದು ಕೊಟ್ಟ ಕೋವಿ ಅದು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರುವುದೇ ಅದಕ್ಕಾಗುವ ದೊಡ್ಡ ಪ್ರಯಾಣ.

“ಭಾನುವಾರ ಬರ್ತೀನಿ, ಅಲ್ಲಿವರೆಗೆ ತಡಿ” ಎಂದೆ. ಆರನೇ ತರಗತಿಯ ಮೊಮ್ಮಗಳು ತಾನೂ ಬರುತ್ತೇನೆಂದು ಹಟ ಹಿಡಿದಳು. ಬೆಳಗಿನ ಆರೂವರೆಗೆ ವಿದ್ಯಾನಗರದಲ್ಲಿ ಬಸ್ ಹತ್ತಿದೆವು.

ಬಿ.ಎಚ್. ರಸ್ತೆಯಲ್ಲಿ ಭದ್ರಾವತಿ ಕಡೆಗೆ ಹೋಗುವಾಗ ನಾನು ಚಿಕ್ಕವನಿದ್ದಾಗ ಕಾಣುತ್ತಿದ್ದುದು ಎರಡೂ ಬದಿಗೆ ಗದ್ದೆ. ಈಗ ಲೇಔಟು, ಗೋದಾಮು, ಕಲ್ಯಾಣ ಮಂಟಪ, ನಡುನಡುವೆ ಅಡಿಕೆ ತೋಟ. ಅಡಿಕೆಗೆ ಕೋತಿ ಕಾಟ ಉಂಟು, ಹಕ್ಕಿ ಕಾಯುವ ಕೆಲಸವಿಲ್ಲ. ಹಾಗಾಗಿ ಹಕ್ಕಿ ಕಾಯುವುದು ಅಂದರೇನೆಂದು ಇಂದಿನ ಮಕ್ಕಳಿಗೆ ಗೊತ್ತಿಲ್ಲ. ಬಸ್ಸಿನಲ್ಲಿ ಕೂತು ಮೊಮ್ಮಗಳಿಗೆ ಅದನ್ನೇ ಹೇಳುತ್ತಾ ಹೋದೆ.

ಭತ್ತ ಹೊಡೆ ಬಿಚ್ಚಿ ತೆನೆ ಹೊರಬಂದು, ಕಾಳಿನಲ್ಲಿ ಹಾಲು ತುಂಬುವಾಗ ಶುರುವಾಗುತ್ತಿತ್ತು ನಮ್ಮ ಕಾವಲು. ಗದ್ದೆಯ ನಡುವೆ ನಾಲ್ಕು ಗಳು ನೆಟ್ಟು ಅಟ್ಟಣೆ ಕಟ್ಟುತ್ತಿದ್ದರು. ಮೇಲೆ ಸೋಗೆಯ ಮಾಡು. ಶಾಲೆಗೆ ಹೋಗುವ ಮುಂಚೆ, ಬಂದ ನಂತರ ಮಕ್ಕಳ ಪಾಳಿ. ನಡುಹಗಲಿನ ಪಾಳಿ ಅಜ್ಜಿಯದು. ಹಕ್ಕಿಗಳೂ ಬಿಸಿಲೇರಿದ ಮೇಲೆ ಮರ ಸೇರುವುದರಿಂದ ಅಜ್ಜಿಗೆ ಒಂದು ನಿದ್ದೆಗೆ ತೊಂದರೆ ಇರಲಿಲ್ಲ. ಖಾಲಿ ಎಣ್ಣೆ ಡಬ್ಬ, ಅದಕ್ಕೊಂದು ಕೋಲು, ದೂರದ ಮೂಲೆಗೆ ಕಲ್ಲೆಸೆಯಲು ಕವಣೆ, ಗದ್ದೆಯ ಬದುವಿನಲ್ಲಿ ಹರಕು ಅಂಗಿ ತೊಟ್ಟ ಬೆರ್ಚಪ್ಪ, ಇಷ್ಟೇ ನಮ್ಮ ಸೈನ್ಯ. ಬೆರ್ಚಪ್ಪನಿಗೆ ಹಕ್ಕಿಗಳು ಹೆದರುತ್ತಿದ್ದುದು ನಾಲ್ಕು ದಿನ. ಐದನೇ ದಿನ ಕಾಜಾಣ ಅವನ ತಲೆಯ ಮೇಲೇ ಕೂತು ಹುಳ ಹಿಡಿಯುತ್ತಿತ್ತು. ಅದಕ್ಕೇ ಅಜ್ಜ ವಾರಕ್ಕೊಮ್ಮೆ ಅವನನ್ನು ಕಿತ್ತು ಬೇರೆ ಕಡೆ ನೆಡುತ್ತಿದ್ದರು, ಅಂಗಿಯನ್ನೂ ಬದಲಿಸುತ್ತಿದ್ದರು.

“ಕೋವಿ ಯಾಕೆ ಹೊಡೀತಿರ್ಲಿಲ್ಲ?” ಎಂದಳು ಹುಡುಗಿ. ಹೊಡೆಯುತ್ತಿದ್ದರು, ರಾತ್ರಿ ಹಂದಿ ನುಗ್ಗಿದಾಗ, ಆಕಾಶಕ್ಕೆ. ಹಗಲಿನಲ್ಲಿ ಹಕ್ಕಿಗೆ ಈಡು ದಂಡ ಮಾಡಿದರೆ ಅಜ್ಜ ಬೈಯುತ್ತಿದ್ದರು. ಅವರ ಲೆಕ್ಕ ಕರುಣೆಯದಲ್ಲ, ದುಡ್ಡಿನದು. ಒಂದು ಹಕ್ಕಿ ದಿನವಿಡೀ ತಿನ್ನುವ ಕಾಳಿಗಿಂತ ತೋಟಾದ ಬೆಲೆ ಹೆಚ್ಚು. ಜೊತೆಗೆ, ಹಕ್ಕಿಗೆ ಬಳಸುವ ಒಂದು ತೋಟಾದಲ್ಲಿ ಇನ್ನೂರಕ್ಕೂ ಹೆಚ್ಚು ಸಣ್ಣ ಚರೆ ಇರುತ್ತವೆ. ಎಲ್ಲವೂ ಹಕ್ಕಿಗೇ ತಗಲುವುದಿಲ್ಲ. ಬದುವಿನ ಆಚೆ ಹುಲ್ಲು ಕೊಯ್ಯುತ್ತಾ ಬಗ್ಗಿರುವವರು ಯಾರೆಂದು ಹೊಡೆಯುವವನಿಗೆ ಕಾಣುವುದಿಲ್ಲ.

ಗದ್ದೆ ತಲುಪಿದಾಗ ಮಂಜು ಇನ್ನೂ ಇಳಿದಿರಲಿಲ್ಲ. ತಮ್ಮನ ಮಗ ಬದುವಿನ ಮೇಲೆ ನಿಂತು ತೋರಿಸಿದ. ಪಾರಿವಾಳ, ಬೆಳವ ಎರಡೂ ಇದ್ದವು. ಕಣ್ಣಂದಾಜಿಗೆ ನಲವತ್ತಕ್ಕೆ ಕಡಿಮೆಯಿಲ್ಲ. ಮೊಮ್ಮಗಳ ಕೈಗೆ ನೋಟ್‌ಪುಸ್ತಕ ಕೊಟ್ಟು, ಯಾವ ಹಕ್ಕಿ ತೆನೆಯ ಮೇಲೆ ಕೂತಿದೆ, ಯಾವುದು ನೆಲದಲ್ಲಿದೆ, ಅಷ್ಟನ್ನೇ ಬರೆ ಎಂದೆ. ಒಂದು ಗಂಟೆ ಮೂವರೂ ಬಾಯಿಮುಚ್ಚಿ ಕೂತೆವು. ತಮ್ಮನ ಮಗನಿಗೆ ಅದೇ ದೊಡ್ಡ ಶಿಕ್ಷೆ.

ತೆನೆಯ ಮೇಲೆ ಬಿದ್ದವರು ಬೇರೆಯೇ ಜನ. ರಾಟವಾಳಗಳು, ಅಂದರೆ ಗುಬ್ಬಚ್ಚಿಗಿಂತ ಸಣ್ಣ, ದಪ್ಪ ಕೊಕ್ಕಿನ ಹಕ್ಕಿಗಳು ಗುಂಪುಗುಂಪಾಗಿ ತೆನೆಗೆ ಜೋತುಬಿದ್ದು ಕಾಳು ಹಿಂಡುತ್ತಿದ್ದವು. ಗೀಜಗ ಇತ್ತು. ಗಿಳಿಗಳು ಬಂದು ತೆನೆಯನ್ನೇ ಕತ್ತರಿಸಿ ಕಾಲಲ್ಲಿ ಹಿಡಿದು ತೆಂಗಿನ ಮರಕ್ಕೆ ಹಾರಿದವು. ಬೆಳವ, ಪಾರಿವಾಳ? ಅವುಗಳ ಮೈಭಾರಕ್ಕೆ ತೆನೆ ತಡೆಯುವುದಿಲ್ಲ, ಜೋತುಬೀಳುವ ಕಾಲೂ ಅವಕ್ಕಿಲ್ಲ. ನೆಲದಲ್ಲಿ ತಲೆ ತಗ್ಗಿಸಿ ನಡೆಯುತ್ತಾ ಬಿದ್ದ ಕಾಳು, ಕಳೆಯ ಬೀಜ ಹೆಕ್ಕುವ ಜಾತಿ ಅವು. ನಮ್ಮ ಪುಸ್ತಕದಲ್ಲಿ ಅವು ಹೆಚ್ಚಾಗಿ ಬದುವಿನಲ್ಲೂ ಮೊದಲೇ ಕೊಯ್ದ ಪಕ್ಕದ ಗದ್ದೆಯ ಕೂಳೆಯಲ್ಲೂ ದಾಖಲಾದವು.

ಹಾಗೆಂದು ಅವನ ದೂರು ಸುಳ್ಳಲ್ಲ. ಗದ್ದೆಯ ಕೆಳಮೂಲೆಯಲ್ಲಿ ಮಳೆ ಗಾಳಿಗೆ ಒಂದಿಷ್ಟು ಭತ್ತ ಮಲಗಿಬಿಟ್ಟಿತ್ತು. ತೆನೆ ನೆಲಕ್ಕೆ ತಾಗಿದ ಮೇಲೆ ಪಾರಿವಾಳಕ್ಕೆ ಅದು ಬಡಿಸಿಟ್ಟ ಎಲೆ. ಅಲ್ಲಿ ಅವು ಚೆನ್ನಾಗಿಯೇ ತಿನ್ನುತ್ತಿದ್ದವು. ಇನ್ನೊಂದು ಹೊತ್ತಿನಲ್ಲೂ ಪಾರಿವಾಳ ನಿಜವಾದ ಕಳ್ಳನೇ: ಸಸಿಮಡಿಗೆ ಮೊಳಕೆ ಭತ್ತ ಚೆಲ್ಲಿದ ಮೊದಲ ಕೆಲವು ದಿನ. ಉಳಿದಂತೆ, ರಾಟವಾಳ ತಿಂದ ಲೆಕ್ಕವನ್ನು ಮೈ ದೊಡ್ಡದಾಗಿ ಕಣ್ಣಿಗೆ ಬೀಳುವ ಪಾರಿವಾಳದ ಖಾತೆಗೆ ಬರೆಯುತ್ತೇವೆ ಎಂಬುದು ನನ್ನ ಅನಿಸಿಕೆ.

“ಒಂದು ಈಡು ಹೊಡೆದ್ರೆ ವಾರ ಈ ಕಡೆ ತಲೆ ಹಾಕಲ್ಲ ದೊಡ್ಡಪ್ಪ” ಎಂದು ಅವನು ಇನ್ನೂ ಪಟ್ಟು ಬಿಟ್ಟಿರಲಿಲ್ಲ. ಆಗ ನಾನು ಹೇಳಿದ್ದು ಪಾರಿವಾಳದ ಹಾಲಿನ ವಿಷಯ. ಹಾಲು ಕೊಡುವ ಹಕ್ಕಿಯೇ ಎಂದು ನಗಬೇಡಿ ಮಕ್ಕಳೇ. ಮರಿ ಹುಟ್ಟಿದಾಗ ತಾಯಿ ತಂದೆ ಇಬ್ಬರ ಗಂಟಲ ಚೀಲದಲ್ಲೂ ಗಿಣ್ಣಿನಂಥ ಬೆಳ್ಳಗಿನ ಪದಾರ್ಥ ಸ್ರವಿಸುತ್ತದೆ. ಮೊದಮೊದಲು ಮರಿಗಳಿಗೆ ಅದೇ ಊಟ. ಬೇರೆ ಹಕ್ಕಿಗಳಂತೆ ಇವು ಮರಿಗೆ ಹುಳ ತಂದು ಕೊಡುವುದಿಲ್ಲ. ಇಡುವುದೂ ಸಾಮಾನ್ಯವಾಗಿ ಎರಡೇ ಮೊಟ್ಟೆ. ಗದ್ದೆಯಲ್ಲಿ ಒಂದು ಬೆಳವ ಬಿದ್ದರೆ, ಎಲ್ಲೋ ಮುಳ್ಳುಪೊದೆಯಲ್ಲಿ ನಾಲ್ಕು ಕಡ್ಡಿ ಅಡ್ಡ ಇಟ್ಟ ಗೂಡಿನಲ್ಲಿ ಎರಡು ಮರಿ ಹಸಿದು ಕೂತಿರಬಹುದು. ಬೆಳವ ಗೂಡು ಕಟ್ಟುವುದರಲ್ಲಿ ಮಹಾ ಸೋಮಾರಿ. ಕೆಳಗಿನಿಂದ ನೋಡಿದರೆ ಕಡ್ಡಿಗಳ ಸಂದಿಯಲ್ಲಿ ಮೊಟ್ಟೆ ಕಾಣುತ್ತದೆ!

ಕಾನೂನಿನ ಮಾತೂ ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಲೇ ಪಾರಿವಾಳದ ಕುಟುಂಬ ರಕ್ಷಿತ ಪಟ್ಟಿಗೆ ಸೇರಿತ್ತು. ಊರಿನ ನೀಲಿ ಪಾರಿವಾಳ ಒಂದನ್ನು ಮಾತ್ರ ಹೊರಗಿಟ್ಟಿದ್ದರು. ಬೆಳವ, ಚೋರೆ, ಅತ್ತಿ-ಆಲದ ಹಣ್ಣು ತಿನ್ನುವ ಹಸಿರು ಪಾರಿವಾಳ ಎಲ್ಲ ಒಳಗೇ. ಕೊಂದರಷ್ಟೇ ಬೇಟೆಯಲ್ಲ, ಕಾಡುಹಕ್ಕಿಯ ಗೂಡು, ಮೊಟ್ಟೆ ಕೆಡಿಸಿದರೂ ಆ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. ಕೋವಿಯ ಲೈಸೆನ್ಸ್ ಎಂದರೆ ಕೋವಿ ಇಟ್ಟುಕೊಳ್ಳಲು ಒಪ್ಪಿಗೆ. ಕಂಡದ್ದನ್ನು ಹೊಡೆಯಲು ಅಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಮಲೆನಾಡಿನಲ್ಲಿ ಹಣ್ಣು ಬಿಟ್ಟ ಗೋಳಿಮರದ ಕೆಳಗೆ ಹಸಿರು ಪಾರಿವಾಳಕ್ಕೆ ಕಾದು ಕೂತವರ ಕತೆಗಳು ಪ್ರತಿ ಮನೆಯಲ್ಲೂ ಇವೆ. ಅಜ್ಜಂದಿರು ಓದುತ್ತಿದ್ದರೆ ಅವರಿಗೆ ಆ ಸಾರಿನ ರುಚಿ ಈಗ ನೆನಪಾಗಿರುತ್ತದೆ.

ಎಲ್ಲ ದೇಶದಲ್ಲೂ ನಮ್ಮ ಹಾಗೇ ಇಲ್ಲ. ಇಂಗ್ಲೆಂಡಿನಲ್ಲಿ ನಮ್ಮ ಬೆಳವಕ್ಕಿಂತ ಬಹಳ ದೊಡ್ಡದಾದ ಕಾಡು ಪಾರಿವಾಳವಿದೆ. ಚಳಿಗಾಲದಲ್ಲಿ ನೂರುಗಟ್ಟಲೆ ಬಂದು ಸಾಸಿವೆ ಜಾತಿಯ ಎಣ್ಣೆಬೀಜದ ಬೆಳೆಯ ಎಲೆಯನ್ನೇ ಮೇಯುತ್ತದೆ. ಬೆಳೆಗೆ ದೊಡ್ಡ ಹಾನಿಯಾಗುವುದಿದ್ದರೆ ಷರತ್ತಿನ ಮೇಲೆ ಅದನ್ನು ಹೊಡೆಯಲು ಅಲ್ಲಿನ ಕಾನೂನು ಬಿಡುತ್ತದೆ. ಜನ ಅದನ್ನು ತಿನ್ನುತ್ತಾರೆ ಕೂಡ. ಆ ಹಕ್ಕಿ ಅಲ್ಲಿ ಲಕ್ಷಗಟ್ಟಲೆ ಇದೆ. ಆದರೆ ಎಷ್ಟಿದ್ದರೂ ಸಾಲದು ಎಂಬುದಕ್ಕೆ ಅಮೆರಿಕದ ಕತೆಯಿದೆ. ಅಲ್ಲಿ ಪ್ಯಾಸೆಂಜರ್ ಪಾರಿವಾಳ ಎಂಬುದೊಂದಿತ್ತು. ಮುನ್ನೂರರಿಂದ ಐನೂರು ಕೋಟಿ ಇದ್ದವೆಂದು ಅಂದಾಜು. ಹಿಂಡು ಹಾರಿದರೆ ಗಂಟೆಗಟ್ಟಲೆ ಬಿಸಿಲು ಮರೆಯಾಗುತ್ತಿತ್ತಂತೆ. ರೈಲು, ಟೆಲಿಗ್ರಾಫ್ ಬಂದ ಮೇಲೆ ಹಿಂಡು ಎಲ್ಲಿ ಇಳಿದಿದೆ ಎಂಬ ಸುದ್ದಿ ಬೇಟೆಗಾರರಿಗೆ ತಂತಿಯಲ್ಲಿ ಮುಟ್ಟುತ್ತಿತ್ತು. ಹೊಡೆದದ್ದು ಪೀಪಾಯಿಗಳಲ್ಲಿ ತುಂಬಿ ಪಟ್ಟಣಕ್ಕೆ ಹೋಗುತ್ತಿತ್ತು. ಅದು ಇಡುತ್ತಿದ್ದುದು ಒಂದೇ ಮೊಟ್ಟೆ. ಕಾಡೂ ಕಡಿದುಹೋಯಿತು. ಕೊನೆಯ ಹಕ್ಕಿ ಮಾರ್ತಾ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು.

ಮೊಮ್ಮಗಳಿಗೆ ಹೆಚ್ಚು ಆಶ್ಚರ್ಯವಾದದ್ದು ಒಲಿಂಪಿಕ್ಸ್ ಸಂಗತಿ. 1900ರ ಪ್ಯಾರಿಸ್ ಕ್ರೀಡೆಗಳಲ್ಲಿ ಜೀವಂತ ಪಾರಿವಾಳ ಹಾರಿಬಿಟ್ಟು ಹೊಡೆಯುವ ಸ್ಪರ್ಧೆ ನಡೆದಿತ್ತು. ಸುಮಾರು 300 ಹಕ್ಕಿ ಸತ್ತವು. 21 ಹಕ್ಕಿ ಹೊಡೆದ ಬೆಲ್ಜಿಯಂನವನು ಗೆದ್ದ. ಮತ್ತೆಂದೂ ಒಲಿಂಪಿಕ್ಸ್‌ನಲ್ಲಿ ಅದು ನಡೆಯಲಿಲ್ಲ. ಈಗ ಯಂತ್ರ ಎಸೆಯುವ ಸಣ್ಣ ತಟ್ಟೆಗೆ ಗುರಿ ಇಡುತ್ತಾರೆ. ಹೆಸರು ಮಾತ್ರ ಇನ್ನೂ ‘ಮಣ್ಣಿನ ಪಾರಿವಾಳ’. 2004ರಲ್ಲಿ ಅಥೆನ್ಸ್‌ನಲ್ಲಿ ನಮ್ಮ ರಾಜ್ಯವರ್ಧನ್ ಸಿಂಗ್ ರಾಠೋಡ್ ಬೆಳ್ಳಿ ಗೆದ್ದದ್ದು ಇಂಥ ತಟ್ಟೆಗಳನ್ನು ಒಡೆದೇ.

ಗುರಿ ಇಡುವ ಆಸೆ ಹುಡುಗರಲ್ಲಿ ಇದ್ದದ್ದೇ. ಚಾಟರ್ ಬಿಲ್ಲು ಹಿಡಿಯದ ಹುಡುಗ ನಮ್ಮ ಕಾಲದಲ್ಲಿ ಇರಲಿಲ್ಲ. ಸಲೀಂ ಅಲಿಯವರೂ ಬಾಲ್ಯದಲ್ಲಿ ಏರ್‌ಗನ್ನಿನಿಂದ ಗುಬ್ಬಿ ಹೊಡೆಯುತ್ತಿದ್ದವರೇ. ಒಂದು ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು, ಇದು ಯಾವುದೆಂದು ಕೇಳಲು ಮುಂಬೈನ ನೈಸರ್ಗಿಕ ಇತಿಹಾಸ ಸಂಘಕ್ಕೆ ಹೋದರು. ಅಲ್ಲಿ ಮಿಲ್ಲಾರ್ಡ್ ಎಂಬುವರು ಬೀರು ತೆರೆದು ಸಾಲುಸಾಲು ಹಕ್ಕಿಗಳನ್ನು ತೋರಿಸಿದರು. ಆ ಹುಡುಗನೇ ಮುಂದೆ ದೇಶದ ಹಕ್ಕಿಗಳನ್ನೆಲ್ಲ ಬರೆದಿಟ್ಟ, ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ ಮಾಡಿದ. ಇತ್ತೀಚೆಗೆ, 2021ರಲ್ಲಿ, ಅರುಣಾಚಲ ಪ್ರದೇಶದಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಗಿ ಎರಡು ಸಾವಿರಕ್ಕೂ ಹೆಚ್ಚು ಏರ್‌ಗನ್ನುಗಳನ್ನು ಜನ ತಾವಾಗಿಯೇ ತಂದುಕೊಟ್ಟರು. ಬೇಟೆ ರಕ್ತದಲ್ಲೇ ಬಂದ ಊರುಗಳವು. ನಮಗೇನು ಕಷ್ಟ?

ಇಷ್ಟೆಲ್ಲ ಕೇಳಿ ತಮ್ಮನ ಮಗ ಅಂದದ್ದು ಒಂದೇ ಮಾತು: “ಸರಿ, ಈಗ ಭತ್ತಕ್ಕೆ ಏನು ಮಾಡ್ಲಿ ಹೇಳು.” ನ್ಯಾಯವಾದ ಪ್ರಶ್ನೆ. ಹಕ್ಕಿ ಉಳಿಸಿ ಎಂದು ಪೇಟೆಯಿಂದ ಬಂದು ಹೇಳುವವರು ಕಾಳು ಉಳಿಸುವ ದಾರಿಯನ್ನೂ ಹೇಳಬೇಕು.

ಅಂದೇ ಮಲಗಿದ ಭತ್ತವನ್ನು ನಾಲ್ಕಾರು ಬುಡ ಸೇರಿಸಿ ಎತ್ತಿ ಕಟ್ಟಿದೆವು. ನನ್ನ ಸೊಂಟ ಎರಡು ದಿನ ಮಾತಾಡಿತು. ಒಂದು ಕಡೆ ಕೆಂಪು, ಇನ್ನೊಂದು ಕಡೆ ಬೆಳ್ಳಿ ಬಣ್ಣದ ಮಿನುಗುವ ಪಟ್ಟಿ ಭದ್ರಾವತಿ ಅಂಗಡಿಯಲ್ಲಿ ಸಿಕ್ಕಿತು. ಗೂಟಗಳ ನಡುವೆ ಒಂದೆರಡು ಸುತ್ತು ತಿರುಚಿ ತೆನೆಗಿಂತ ಗೇಣೆತ್ತರಕ್ಕೆ ಎಳೆದು ಕಟ್ಟಿದರೆ ಗಾಳಿಗೆ ಗುಂಯ್ ಎನ್ನುತ್ತದೆ, ಬಿಸಿಲಿಗೆ ಬೆಂಕಿಯಂತೆ ಹೊಳೆಯುತ್ತದೆ. ಗಿಳಿ, ರಾಟವಾಳ ಎರಡೂ ಮೊದಲ ದಿನ ಹತ್ತಿರ ಸುಳಿಯಲಿಲ್ಲ. ಆದರೆ ಬೆರ್ಚಪ್ಪನ ಪಾಡೇ ಇದಕ್ಕೂ, ಕೆಲವು ದಿನ ಕಳೆದರೆ ಹಕ್ಕಿಗಳಿಗೆ ಸಲಿಗೆ ಬರುತ್ತದೆ. ಅದಕ್ಕೆ ಮೂರು ದಿನಕ್ಕೊಮ್ಮೆ ಗೂಟದ ಜಾಗ ಬದಲಿಸಬೇಕು, ಬೆಳಿಗ್ಗೆ ಸಂಜೆ ಡಬ್ಬವನ್ನೂ ಬಡಿಯಬೇಕು ಎಂದು ಗೊತ್ತುಮಾಡಿದೆವು. ಕಾಯಬೇಕಾದ್ದು ಹಾಲು ತುಂಬಿದಲ್ಲಿಂದ ಕೊಯ್ಲಿನವರೆಗೆ, ಹೆಚ್ಚೆಂದರೆ ಮೂರು ನಾಲ್ಕು ವಾರ. ಉಳಿದ ಕಾಲದಲ್ಲಿ ಗೀಜಗ, ರಾಟವಾಳಗಳ ಮೇಲೆ ನಮಗೂ ಸಿಟ್ಟಿಲ್ಲ. ಗೀಜಗ ಮರಿಗಳಿಗೆ ತಿನ್ನಿಸುವುದು ಹುಳುಗಳನ್ನೇ.

ಹಿಂದಿರುಗಿದ ಮೇಲೆ ವಿದ್ಯಾನಗರದ ಪಾರಿವಾಳಗಳನ್ನು ಬೇರೆ ಕಣ್ಣಿಂದ ನೋಡತೊಡಗಿದ್ದೇವೆ. ದೇಶದಲ್ಲಿ ಸಂಖ್ಯೆ ಹೆಚ್ಚುತ್ತಿರುವ ಕೆಲವೇ ಹಕ್ಕಿಗಳಲ್ಲಿ ಊರ ಪಾರಿವಾಳವೂ ಒಂದು ಎಂದು 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಹೇಳುತ್ತದೆ. ಕಾಂಕ್ರೀಟಿನ ಸಜ್ಜೆ ಅದಕ್ಕೆ ಬಂಡೆಯ ಅಂಚಿದ್ದಂತೆ. ತಾರಸಿಯಲ್ಲಿ ಸೇರುಗಟ್ಟಲೆ ಕಾಳು ಚೆಲ್ಲುವುದನ್ನು ನಮ್ಮ ಬೀದಿಯ ಹಿರಿಯರು ಕಡಿಮೆ ಮಾಡಿದರೆ ಒಳ್ಳೆಯದು. ಒಣಗಿದ ಹಿಕ್ಕೆಯ ದೂಳು ಅವರ ಶ್ವಾಸಕೋಶಕ್ಕೂ ಹಿತವಲ್ಲ. ಬದಲಿಗೆ ಮಣ್ಣಿನ ಬಟ್ಟಲಲ್ಲಿ ನೀರಿಡಿ, ಮಕ್ಕಳೇ, ನೋಡುತ್ತಾ ಕೂರಿ. ಕಾಗೆ, ಮೈನಾ ಕೊಕ್ಕಿನಲ್ಲಿ ನೀರೆತ್ತಿ ತಲೆ ಮೇಲೆ ಮಾಡಿ ನುಂಗುತ್ತವೆ. ಪಾರಿವಾಳ, ಬೆಳವ ಮಾತ್ರ ಕೊಕ್ಕು ಅದ್ದಿ ದನದ ಹಾಗೆ ಹೀರುತ್ತವೆ.

ಕೊಯ್ಲು ಮುಗಿಯಿತು. ಯಂತ್ರ ಹೋದ ಹಿಂದೆಯೇ ಬೆಳವಗಳು ಕೂಳೆಗೆ ಇಳಿದವು, ಉದುರಿದ ಕಾಳಿಗೆ. ಕೋವಿ ಅಟ್ಟದ ಮೇಲೇ ಇದೆ. ಜನವರಿಯಲ್ಲಿ ಬೇಸಿಗೆ ಬೆಳೆಗೆ ಸಸಿಮಡಿ ಹಾಕುತ್ತಾನಂತೆ. ಮೊಳಕೆ ಚೆಲ್ಲಿದ ವಾರ ಮಕ್ಕಳಿಗೆ ಶಾಲೆ, ಅವನಿಗೆ ಬೇರೆ ಕೆಲಸ. “ನೀನೇ ಬಂದು ಕೂತ್ಕೋ ದೊಡ್ಡಪ್ಪ, ಡಬ್ಬ ಕೋಲು ಎರಡೂ ಎತ್ತಿಟ್ಟಿದೀನಿ” ಎಂದಿದ್ದಾನೆ.