ಕಡಲೂರಿಗೆ ಎರಡು ದಿನ, ಜೇಬಿಗೆ ಹೊರೆಯಿಲ್ಲದೆ

‘ಗೋವಾಗೆ ಹೋಗೋಣ’ ಅಂತ ಶುರುವಾದ ಆಫೀಸ್ ಗ್ರೂಪಿನ ಪ್ಲಾನ್ ತಿಂಗಳ ಕೊನೆಗೆ ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ಮುಗಿಯುತ್ತೆ. ಬಾಡಿಗೆ, ಇಎಂಐ ಕಳೆದು ಉಳಿಯೋದೇ ಅಷ್ಟು. ಹೀಗೆ ಮುಂದೂಡುತ್ತಾ ಬಂದರೆ ಕಡಲು ನೋಡಬೇಕು ಅಂತಿದ್ದ ಅಪ್ಪ-ಅಮ್ಮನ ಮಂಡಿನೋವು ಮಾತ್ರ ಮುಂದಕ್ಕೆ ಹೋಗಲ್ಲ. ಅಂಥವರಿಗೆ ಉಡುಪಿ–ಮಣಿಪಾಲ–ಮಲ್ಪೆ ಸರಿಯಾದ ಜಾಗ. ವಿದ್ಯಾರ್ಥಿಗಳ ಊರಾದ್ದರಿಂದ ಕಡಿಮೆ ದುಡ್ಡಲ್ಲಿ ಬದುಕೋದು ಹೇಗಂತ ಆ ಊರಿಗೆ ಗೊತ್ತು.

ಹೋಗೋದು ಹೇಗೆ?

ಬೆಂಗಳೂರಿನಿಂದ ಮೈಸೂರು ಮಾರ್ಗವಾಗಿ ಮುರ್ಡೇಶ್ವರಕ್ಕೆ ರಾತ್ರಿ ರೈಲಿದೆ. ಸ್ಲೀಪರ್ ಟಿಕೆಟ್ ದುಬಾರಿಯೇನಲ್ಲ. ರಾತ್ರಿ ರೈಲಲ್ಲೇ ಕಳೆಯೋದರಿಂದ ಒಂದು ದಿನದ ರೂಮ್ ಬಾಡಿಗೆ ಉಳೀತು. ವಾರಾಂತ್ಯಕ್ಕೆ ಸೀಟು ಬೇಗ ಖಾಲಿಯಾಗುತ್ತೆ, ಮೊದಲೇ ಬುಕ್ ಮಾಡಿ. ಉಡುಪಿ ನಿಲ್ದಾಣ ಇರೋದು ಇಂದ್ರಾಳಿಯಲ್ಲಿ, ಅಂದರೆ ಉಡುಪಿ–ಮಣಿಪಾಲ ರಸ್ತೆಯಲ್ಲೇ.

ಹೆಣ್ಣುಮಕ್ಕಳು ಕೆಎಸ್ಸಾರ್ಟಿಸಿ ಸಾಮಾನ್ಯ ಬಸ್ಸಲ್ಲಿ ಶಕ್ತಿ ಯೋಜನೆಯಡಿ ಉಚಿತವಾಗಿ ಹೋಗಬಹುದು. ಆದರೆ ನೆನಪಿಡಿ: ಕರಾವಳಿಯ ಊರೊಳಗಿನ ಬಸ್ಸುಗಳು ಹೆಚ್ಚಿನವು ಖಾಸಗಿ. ಅಲ್ಲಿ ಆಧಾರ್ ತೋರಿಸಿದರೆ ಕಂಡಕ್ಟರ್ ನಗ್ತಾರೆ. ಚಿಲ್ಲರೆ ಇಟ್ಟುಕೊಳ್ಳಿ. ಮಣಿಪಾಲದಿಂದ ಉಡುಪಿ, ಅಲ್ಲಿಂದ ಮಲ್ಪೆ ಎಲ್ಲಾ ಸೇರಿ ಹತ್ತು-ಹನ್ನೆರಡು ಕಿಲೋಮೀಟರ್ ಅಷ್ಟೆ. ಆಟೊ ಬೇಕಾಗೋದು ಕಡಿಮೆ.

ಉಳಿಯೋದು, ಉಣ್ಣೋದು

ರೂಮ್ ಉಡುಪಿ ಬಸ್ ನಿಲ್ದಾಣ ಅಥವಾ ರಥಬೀದಿ ಹತ್ತಿರ ಹುಡುಕಿ. ಅಡ್ಮಿಷನ್, ಘಟಿಕೋತ್ಸವದ ಸಮಯದಲ್ಲಿ ಮಣಿಪಾಲ ತುಂಬಿರುತ್ತೆ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಪರ್ಯಾಯ ನಡೆಯುವಾಗ ಉಡುಪಿಯಲ್ಲಿ ಕಾಲಿಡೋಕೂ ಜಾಗ ಇರಲ್ಲ.

ಕೃಷ್ಣ ಮಠದಲ್ಲಿ ಅನ್ನಪ್ರಸಾದ ಉಚಿತ. ಹೋಟೆಲಲ್ಲಿ ‘ಬನ್ಸ್’ ಕೇಳಿದರೆ ಬೇಕರಿ ಬನ್ ಬರಲ್ಲ, ಬಾಳೆಹಣ್ಣು ಹಾಕಿದ ಉಬ್ಬಿದ ಪೂರಿ ಬರುತ್ತೆ. ಒಂದೆರಡು ತಿಂದರೆ ಮಧ್ಯಾಹ್ನದವರೆಗೂ ಯೋಚನೆಯಿಲ್ಲ. ಮೀನೂಟ ಮಾಡೋರು ಅಂಜಲ್ ಬಿಟ್ಟು ಬಂಗುಡೆ, ಬೂತಾಯಿ ಕೇಳಿ, ಬಿಲ್ ಅರ್ಧಕ್ಕಿಳಿಯುತ್ತೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆಗ ಮೀನು ದುಬಾರಿ.

ನೋಡೋದೇನು?

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಇಡೀ ಪ್ರವಾಸದಲ್ಲಿ ಸ್ವಲ್ಪ ಧಾರಾಳವಾಗಿ ಖರ್ಚು ಮಾಡಬೇಕಾದ್ದು ಇದೊಂದಕ್ಕೇ. ಅಲ್ಲಿನ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಕಾಲದಲ್ಲಿ, ಲಾವಾ ತಣ್ಣಗಾಗಿ ಸೀಳಿ ಆದವು. ಮಳೆಗಾಲದಲ್ಲಿ ದೋಣಿ ಇರಲ್ಲ.

ಕಾಪುವಿನ ದೀಪಸ್ತಂಭ 1901ರದ್ದು. ಸಂಜೆ ಹೊತ್ತಿಗೆ ಹೋಗಿ. ಮಣಿಪಾಲದ ಎಂಡ್ ಪಾಯಿಂಟಿನಿಂದ ಕೆಳಗೆ ಸ್ವರ್ಣಾ ನದಿ ಕಾಣುತ್ತೆ, ದುಡ್ಡು ಕೊಡಬೇಕಿಲ್ಲ. ಈ ಬೋಳುಗುಡ್ಡದ ಮೇಲೆ ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುಮಾಡಿದರು. ಅದರ ಅಂಗರಚನಾ ಮ್ಯೂಸಿಯಂ ಮಕ್ಕಳಿದ್ದರೆ ತಪ್ಪಿಸಬೇಡಿ.

ಒಂದು ಎಚ್ಚರಿಕೆ

ಕಾವೇರಿಯಲ್ಲಿ ಈಜು ಕಲಿತವರಿಗೂ ಕಡಲು ಹೊಸದು. ಅಲೆ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತೆ. ದ್ವೀಪದ ಬಂಡೆಗಳು ಪಾಚಿಯಿಂದ ಜಾರುತ್ತವೆ. ಸೆಲ್ಫಿಗಾಗಿ ಅಂಚಿಗೆ ಹೋಗಬೇಡಿ. ಜೀವರಕ್ಷಕರು ಶಿಳ್ಳೆ ಹೊಡೆದರೆ ವಾದ ಮಾಡದೆ ಹಿಂದೆ ಬನ್ನಿ.

ದುಡ್ಡು ಕೂಡಿಸೋದು?

ಅದಕ್ಕೂ ಉತ್ತರ ಆ ಊರಲ್ಲೇ ಇದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ತೆಗೆದುಕೊಳ್ಳುತ್ತಿದ್ದರು. ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಲ್ಲಿ ಸೇರಿಹೋದರೂ ಲೆಕ್ಕ ಹಳೇದಾಗಿಲ್ಲ. ದಿನಕ್ಕೆ 30 ರೂಪಾಯಿಯಂತೆ ನಾಲ್ಕು ತಿಂಗಳು ಎತ್ತಿಟ್ಟರೆ 3,600 ಆಯ್ತು. ರೂಮ್ ಹಂಚಿಕೊಂಡು, ಬಸ್ಸಲ್ಲೇ ಓಡಾಡಿದರೆ ಒಬ್ಬರ ಎರಡು ದಿನಕ್ಕೆ ಧಾರಾಳ.

ನವೆಂಬರಿನಿಂದ ಫೆಬ್ರವರಿ ಒಳ್ಳೆ ಸಮಯ. ಅಮ್ಮನಿಗೆ ಇವತ್ತೇ ದಿನಾಂಕ ಹೇಳಿಬಿಡಿ, ಆಮೇಲೆ ಮುಂದೂಡೋಕೆ ಮನಸ್ಸು ಬರಲ್ಲ. ನೀವು ಕಂಡುಕೊಂಡ ಉಳಿತಾಯದ ದಾರಿ ಇದ್ದರೆ ನಮಗೂ ಬರೆದು ಕಳಿಸಿ.