ವಿಮಾನದ ರೆಕ್ಕೆ ಅಲುಗಿದರೆ ಹೆದರಬೇಕಾ?

ಬಜ್ಪೆಯಿಂದ ದುಬೈಗೋ ದಮ್ಮಾಮಿಗೋ ಹೊರಟಾಗ ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ನಮ್ಮ ಕಣ್ಣು ಮೊದಲು ಹೋಗುವುದು ರೆಕ್ಕೆಯ ಮೇಲೆ. ಮೋಡದೊಳಗೆ ನುಗ್ಗಿದಾಗ ಅದರ ತುದಿ ಮೇಲೆ ಕೆಳಗೆ ಅಲುಗುತ್ತದೆ. ಮೊದಲ ಸಲ ವಿಮಾನ ಹತ್ತಿದ ಉಮ್ಮ ಕೈ ಗಟ್ಟಿ ಹಿಡಿದು, "ಇದು ಮುರಿಯುವುದಿಲ್ಲ ಅಲ್ವಾ ಮೋನೇ?" ಅಂತ ಕೇಳುತ್ತಾರೆ. "ಏನೂ ಆಗುವುದಿಲ್ಲ" ಅಂತ ಹೇಳಿ ನಾವು ಸುಮ್ಮನಾಗುತ್ತೇವೆ. ಆದರೆ ಯಾಕೆ ಆಗುವುದಿಲ್ಲ?

ಉಮ್ಮನ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲ. 1959ರ ಸೆಪ್ಟೆಂಬರ್ 29ರಂದು ಅಮೆರಿಕದ ಟೆಕ್ಸಾಸ್‌ನಲ್ಲಿ ಲಾಕ್‌ಹೀಡ್ ಎಲೆಕ್ಟ್ರಾ ವಿಮಾನ ಆಕಾಶದಲ್ಲೇ ಒಡೆದು 34 ಮಂದಿ ತೀರಿಹೋದರು. 1960ರ ಮಾರ್ಚ್ 17ರಂದು ಇಂಡಿಯಾನಾದಲ್ಲಿ ಅದೇ ಮಾದರಿಯ ಇನ್ನೊಂದು ವಿಮಾನ ಬಿದ್ದು 63 ಮಂದಿ ಹೋದರು. ಎಂಜಿನ್ ಕೂರಿಸಿದ ಚೌಕಟ್ಟು ಸಡಿಲವಾದಾಗ ಪ್ರೊಪೆಲ್ಲರ್ ಓಲಾಡಿ, ಆ ಓಲಾಟ ರೆಕ್ಕೆಯ ಅಲುಗಾಟದ ಲಯಕ್ಕೆ ಕೂಡಿಕೊಂಡಿತ್ತು. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಸ್ವಲ್ಪ ಸ್ವಲ್ಪವೇ ತಳ್ಳಿದರೂ ಅದು ಎತ್ತರಕ್ಕೆ ಹೋಗುತ್ತದಲ್ಲ, ಹಾಗೆ. ಗಾಳಿಯೇ ತಳ್ಳುತ್ತಾ ಅಲುಗಾಟವನ್ನು ಬೆಳೆಸುವುದಕ್ಕೆ ಎಂಜಿನಿಯರುಗಳು 'ಫ್ಲಟರ್' ಅನ್ನುತ್ತಾರೆ.

ಎಲೆಕ್ಟ್ರಾ ಶಬ್ದಕ್ಕಿಂತ ಬಹಳ ನಿಧಾನದ ವಿಮಾನ. ನಾವು ಇವತ್ತು ಹತ್ತುವ ಜೆಟ್‌ಗಳು ಹಾಗಲ್ಲ. 11 ಕಿಲೋಮೀಟರ್ ಎತ್ತರದ ಚಳಿಯಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,060 ಕಿ.ಮೀ. ಬೋಯಿಂಗ್ 737 ಅಲ್ಲಿ ಹಾರುವುದು ಅದರ ಮುಕ್ಕಾಲು ಪಾಲಿಗಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ, ಸುಮಾರು 830ರಲ್ಲಿ.

ಕಷ್ಟ ಇರುವುದು ಇಲ್ಲೇ. ರೆಕ್ಕೆಯ ಉಬ್ಬಿದ ಬೆನ್ನಿನ ಮೇಲೆ ಗಾಳಿ ಇನ್ನೂ ಜೋರಾಗಿ ಓಡುತ್ತದೆ. ವಿಮಾನ ಶಬ್ದಕ್ಕಿಂತ ನಿಧಾನವೇ ಇದ್ದರೂ ಆ ಜಾಗದಲ್ಲಿ ಗಾಳಿ ಶಬ್ದವನ್ನು ಮೀರುತ್ತದೆ. ಮತ್ತೆ ಒಮ್ಮೆಲೇ ನಿಧಾನವಾಗುವ ಗೆರೆಯಲ್ಲಿ ಒತ್ತಡ ಧುತ್ತೆಂದು ಏರುತ್ತದೆ. ಅದೇ ಆಘಾತ ತರಂಗ. ರೆಕ್ಕೆ ಚೂರು ತಿರುಚಿದರೆ ಈ ಗೆರೆ ಹಿಂದೆ ಮುಂದೆ ಸರಿಯುತ್ತದೆ, ಅದೂ ಸ್ವಲ್ಪ ತಡವಾಗಿ. ಆ ತಡ ರೆಕ್ಕೆಯ ಲಯಕ್ಕೆ ತಾಳೆಯಾದರೆ ಗಾಳಿ ಅಲುಗಾಟವನ್ನು ತಡೆಯುವ ಬದಲು ಬೆಳೆಸುತ್ತದೆ. ಹಾಗಾಗಿ ಶಬ್ದದ ವೇಗದ ಹತ್ತಿರ ಫ್ಲಟರ್ ಬೇರೆ ಕಡೆಗಿಂತ ಬೇಗ ಶುರುವಾಗಬಹುದು. ರೆಕ್ಕೆಯನ್ನು ಹಿಂದಕ್ಕೆ ಓರೆಯಾಗಿಸುವುದು, ಅದರ ಬೆನ್ನನ್ನು ಚಪ್ಪಟೆ ಮಾಡುವುದು ಈ ಆಘಾತ ತರಂಗದ ಜೋರು ತಗ್ಗಿಸಲಿಕ್ಕೆ.

ಇದನ್ನು ಪರೀಕ್ಷಿಸಲೆಂದೇ ಅಮೆರಿಕದ ನಾಸಾ ಲ್ಯಾಂಗ್ಲಿ ಕೇಂದ್ರದಲ್ಲಿ 16 ಅಡಿ ಅಗಲದ ಗಾಳಿ ಸುರಂಗ ಉಂಟು. 1960ರಲ್ಲಿ ಅದು ಶುರುವಾದ ಹೊಸತರಲ್ಲೇ ಎಲೆಕ್ಟ್ರಾದ ಮಾದರಿಯನ್ನು ಅಲ್ಲಿಟ್ಟು ಪರೀಕ್ಷಿಸಿದರು. ತಮಾಷೆ ಏನೆಂದರೆ, ಆ ಸುರಂಗದಲ್ಲಿ ಗಾಳಿಯ ಬದಲು ನಮ್ಮ ಮನೆಯ ಫ್ರಿಜ್ಜಿನಲ್ಲಿ ಬಳಸುವಂಥ ಭಾರದ ಅನಿಲ ಓಡಿಸುತ್ತಾರೆ. ಅದರಲ್ಲಿ ಶಬ್ದದ ವೇಗ ಹೆಚ್ಚುಕಡಿಮೆ ಅರ್ಧ. ಹಾಗಾಗಿ ಕಡಿಮೆ ವೇಗದಲ್ಲೇ ಶಬ್ದದ ಗಡಿ ಮುಟ್ಟಬಹುದು.

ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲೂ 1.2 ಮೀಟರ್‌ನ ಸುರಂಗ 1967ರಿಂದ ಇದೆ. ತೇಜಸ್ ಯುದ್ಧವಿಮಾನದ, ಇಸ್ರೋ ರಾಕೆಟ್‌ಗಳ ಮಾದರಿಗಳು ಅಲ್ಲಿ ಗಾಳಿಗೆ ಎದೆಕೊಟ್ಟಿವೆ. ಪಿಯುಸಿಯಲ್ಲಿ ವಿಜ್ಞಾನ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಈ ದಾರಿಯನ್ನೂ ಒಮ್ಮೆ ಯೋಚಿಸಬಹುದು. ವಿಮಾನ ಹತ್ತಿ ದುಡಿಯಲು ಹೋದ ಮನೆಗಳಿಂದ ವಿಮಾನ ಕಟ್ಟುವವರೂ ಯಾಕೆ ಬರಬಾರದು?

ಈಗಿನ ನಿಯಮ ಬಿಗಿ. ವಿಮಾನಕ್ಕೆ ನಿಗದಿ ಮಾಡಿದ ಅತಿ ಹೆಚ್ಚಿನ ಇಳಿವೇಗಕ್ಕಿಂತ ಇನ್ನೂ ಶೇ. 15ರಷ್ಟು ಮೇಲಿನವರೆಗೂ ಫ್ಲಟರ್ ಬರುವುದಿಲ್ಲವೆಂದು ತೋರಿಸಬೇಕು. ಬೋಯಿಂಗ್ 787ರ ರೆಕ್ಕೆಯನ್ನು 2010ರ ಪರೀಕ್ಷೆಯಲ್ಲಿ ಸುಮಾರು 25 ಅಡಿ ಮೇಲಕ್ಕೆ ಬಗ್ಗಿಸಿ ನೋಡಿದ್ದರು.

ಹಾಗಾಗಿ ಮುಂದಿನ ಸಲ ಉಮ್ಮ ಕೇಳಿದರೆ ಹೀಗೆ ಹೇಳೋಣ: ಮಳೆಗಾಲದ ಗಾಳಿಗೆ ನಮ್ಮ ಹಿತ್ತಿಲ ತೆಂಗು ಬಾಗುವ ಹಾಗೆ ಈ ರೆಕ್ಕೆಯನ್ನೂ ಬಾಗುವಂತೆಯೇ ಮಾಡಿದ್ದಾರೆ. ಮೋಡದಲ್ಲಿ ಕುಲುಕಿದಾಗ ಸಾಮಾನ್ಯವಾಗಿ ಪೆಟ್ಟಾಗುವುದು ರೆಕ್ಕೆಗಲ್ಲ, ಬೆಲ್ಟ್ ಹಾಕದೆ ಕೂತವರಿಗೆ. ಉಮ್ಮನ ಬೆಲ್ಟನ್ನು ನಾವೇ ಒಮ್ಮೆ ನೋಡಿ, ಬಿಗಿ ಮಾಡಿ ಕೊಡೋಣ.